ಬಯಲು ಚುಕ್ಕಾಣಿಯೋ, ಗೂಡು ಚುಕ್ಕಾಣಿಯೋ?

ಥೇಮ್ಸ್ ನದಿಯ ಮೇಲೆ ಯಂತ್ರದೋಣಿಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು, ಅದರಲ್ಲಿಯೇ ಅಡಿಗೆ ಮಾಡಿ, ಉಂಡು, ಮಲಗಿ ರಜೆ ಕಳೆಯುವುದು ಇಂಗ್ಲೆಂಡಿನ ಸಂಸಾರಸ್ಥರಲ್ಲಿ ಬಹುಕಾಲದ ರೂಢಿ. ಅಲ್ಲಿ ಸಂಬಳದ ಅಂಬಿಗನಿಲ್ಲ. ಚುಕ್ಕಾಣಿ ಹಿಡಿಯುವವನು ಮನೆಯ ಯಜಮಾನ, ಅವನು ದಣಿದಾಗ ಯಜಮಾನಿ. ಆದುದರಿಂದ ಆ ಪೀಠವು ಬಯಲಿನಲ್ಲಿರಬೇಕೋ, ಗಾಜು-ಚಾವಣಿಗಳ ಗೂಡಿನೊಳಗಿರಬೇಕೋ ಎಂಬುದು ಮನೆಮಂದಿಯ ಚರ್ಚೆಗೆ ಬರುತ್ತದೆ.

ಗೂಡಿನ ಪರವಾಗಿ ವಾದಿಸಲು ಅಲ್ಲಿನ ಮಳೆಯೊಂದೇ ಸಾಕು. ಗಂಟೆಗೆ 8 ಕಿಲೋಮೀಟರಿಗಿಂತ ವೇಗವಾಗಿ ಹೋಗಲು ಅಪ್ಪಣೆಯಿಲ್ಲವಾಗಿ, ಮೋಡವನ್ನು ಹಿಂದಿಕ್ಕುವ ಆಸೆ ವ್ಯರ್ಥ. ಬಯಲಿನಲ್ಲಿ ನಿಂತವನು ತೊಯ್ದು ನಡುಗುತ್ತಿರುವಾಗ ಮಿಕ್ಕವರು ಒಳಗೆ ಬೆಚ್ಚಗೆ ಚಹಾ ಕುಡಿಯುವರು!

ಆದರೆ ನದಿಯೆಂದರೆ ನೇರ ಹಾದಿಯಲ್ಲ. ಲೆಚ್‌ಲೇಡಿನಿಂದ ಟೆಡಿಂಗ್‌ಟನ್ನಿನವರೆಗೆ 44 ಲಾಕುಗಳಿವೆ. ನೀರನ್ನು ಏರಿಸಿ ಇಳಿಸಿ ದೋಣಿಯನ್ನು ದಾಟಿಸುವ ಕದವುಳ್ಳ ತೊಟ್ಟಿಗಳು ಅವು. ದೋಣಿಯ ಮೂತಿ ಎಡಕ್ಕೆ ಹೊರಳಿದರೆ ಅದರ ಹಿಂಬದಿ ಬಲಕ್ಕೆ ಬೀಸುತ್ತದೆ. ಹಿಂದೆ ಹಗ್ಗ ಹಿಡಿದು ನಿಂತ ಮಗನ ಕೂಗು ಗಾಜಿನ ಒಳಗೆ ಕೇಳಿಸದು, ಅವನ ಮುಖವೂ ಕಾಣದು. ಅಲ್ಲಿನ ಕಾಲುವೆಗಳ ನೀಳ ದೋಣಿಗಳಲ್ಲಿ ಚುಕ್ಕಾಣಿಗನು ಇಂದಿಗೂ ಹಿಂತುದಿಯಲ್ಲಿ, ಬಯಲಿನಲ್ಲಿಯೇ ನಿಲ್ಲುವುದು ವಾಡಿಕೆ. ಇಡೀ ದೋಣಿ ಅವನ ಕಣ್ಣಮುಂದಿರುತ್ತದೆ.

ಸೇತುವೆಗಳದು ಇನ್ನೊಂದು ತೊಡಕು. ಆಕ್ಸ್‌ಫರ್ಡಿನ ಆಸ್ನಿ ಸೇತುವೆಯ ಕೆಳಗೆ ದೊರೆಯುವುದು ಸುಮಾರು ಏಳೂವರೆ ಅಡಿಯ ಎತ್ತರ ಮಾತ್ರ. ಎತ್ತರದ ಗೂಡುಳ್ಳ ದೋಣಿ ಅಲ್ಲಿಂದಲೇ ಹಿಂದಿರುಗಬೇಕು.

ಇವೆರಡರ ನಡುವೆ ರಾಜಿಯಾಗಿ ಬಂದುದು ಮಡಚುವ ಕ್ಯಾನ್‌ವಾಸ್ ಹೊದಿಕೆ. ಬಿಸಿಲಿಗೆ ಬಯಲು, ಮಳೆಗೆ ಗೂಡು, ಸೇತುವೆ ಬಂದರೆ ಮಡಚಿದರಾಯಿತು. ಆರೋಗ್ಯವಂತರಾದ ಸಂಸಾರಕ್ಕೆ ಇದೇ ಮೇಲು. ವೃದ್ಧರೂ ಹಸುಳೆಗಳೂ ಜೊತೆಗಿದ್ದರೆ ಮಾತ್ರ ಗಟ್ಟಿ ಗೂಡೇ ವಾಸಿ.

ಎರಡರಲ್ಲಿಯೂ ಮರೆಯಬಾರದ ಅಪಾಯವೊಂದುಂಟು. ಮುಚ್ಚಿದ ಹೊದಿಕೆ ಮಳೆಯನ್ನು ಹೊರಗಿಡುವಂತೆಯೇ ಒಳನುಸುಳಿದ ಯಂತ್ರದ ಹೊಗೆಯನ್ನು ಒಳಗೇ ಹಿಡಿದಿಡುತ್ತದೆ. ಮುಂದೆ ಮುಚ್ಚಿ ಹಿಂದೆ ಮಾತ್ರ ತೆರೆದಿಟ್ಟರಂತೂ ಚಲಿಸುವ ದೋಣಿ ತನ್ನ ಹೊಗೆಯನ್ನು ತಾನೇ ಒಳಗೆ ಸೆಳೆದುಕೊಳ್ಳಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಬಳಿಕ ಮಂಪರು. 2016ರ ಜೂನ್ ತಿಂಗಳಲ್ಲಿ ನಾರ್ಫೋಕ್ ಪ್ರಾಂತದ ರಾಕ್ಸಮ್ ಬಳಿ ವಿಹಾರದೋಣಿಯೊಂದರಲ್ಲಿ ಈ ವಿಷವಾಯುವಿಗೆ ಇಬ್ಬರು ಬಲಿಯಾದರು. 2019ರ ಏಪ್ರಿಲಿನಿಂದ ಆ ದೇಶದ ದೋಣಿ ಸುರಕ್ಷಾ ನಿಯಮಗಳಲ್ಲಿ, ಮಲಗುವ ವ್ಯವಸ್ಥೆಯುಳ್ಳ ದೋಣಿಗಳಿಗೆ ಈ ವಾಯುವನ್ನು ಗುರುತಿಸಿ ಎಚ್ಚರಿಸುವ ಅಲಾರಂ ಕಡ್ಡಾಯವಾಯಿತು.

ಬಾಡಿಗೆ ಕಟ್ಟೆಯಲ್ಲಿ ಹಾಸಿಗೆ ಎಷ್ಟು, ಒಲೆ ಹೇಗಿದೆ ಎಂದು ವಿಚಾರಿಸುವ ಗೃಹಿಣಿ ಆ ಅಲಾರಮಿನ ಗುಂಡಿಯನ್ನೂ ಒಮ್ಮೆ ಒತ್ತಿ ನೋಡುವುದು ಲೇಸು. ಅದು ಕಿರುಚಿ ಮಕ್ಕಳನ್ನು ಬೆಚ್ಚಿಬೀಳಿಸಿದರೆ ದೋಣಿ ಹಿಡಿಯಬಹುದು.