ಡಿಕ್ಕಿ, ಸ್ಟೆಪ್ನಿ ತಪ್ಪು ಇಂಗ್ಲಿಷಲ್ಲ

ಮುಂಬೈನ ಅಂಧೇರಿಯ ಡಬ್ಬಿಂಗ್ ಸ್ಟುಡಿಯೊಗಳಲ್ಲಿ ಇಂಗ್ಲಿಷ್ ಸಿನಿಮಾ, ಸೀರೀಸ್‌ಗಳಿಗೆ ಕನ್ನಡದ ಮಾತು ಕೂರಿಸುವ ಕೆಲಸವೂ ನಡೆಯುತ್ತದೆ. ಪರದೆಯ ಮೇಲೆ ಪ್ರಯಾಣಿಕನೊಬ್ಬ ಸೂಟ್‌ಕೇಸ್ ಹಿಡಿದು ಟ್ಯಾಕ್ಸಿಯ ಹಿಂದೆ ನಿಂತಿದ್ದಾನೆ ಎನ್ನಿ. ಕನ್ನಡದಲ್ಲಿ ಅವನು ಹೇಳುವುದು ಒಂದೇ: ‘ಡಿಕ್ಕಿ ತೆಗೀರಿ.’ ಶುದ್ಧ ಇಂಗ್ಲಿಷಿನ ಕಾವಲುಗಾರರಿಗೆ ಇದು ಸಹಿಸದು. ಇಂಗ್ಲೆಂಡಿನಲ್ಲಿ ಅದು ಬೂಟ್, ಅಮೆರಿಕದಲ್ಲಿ ಟ್ರಂಕ್. ಡಿಕ್ಕಿ ಓದದವರ ಇಂಗ್ಲಿಷ್ ಎನ್ನುತ್ತಾರೆ. ತಾವು ತಿದ್ದಿದ್ದನ್ನು ಅವರು ಒಮ್ಮೆ ಜೋರಾಗಿ ಓದಲಿ: ‘ಬೂಟ್ ತೆಗೀರಿ.’ ಕೇಳಿದ ಕನ್ನಡಿಗ ತನ್ನ ಕಾಲು ನೋಡಿಕೊಳ್ಳುತ್ತಾನೆ.

ಡಿಕ್ಕಿಯನ್ನು ನಮ್ಮ ಡ್ರೈವರುಗಳು ಹುಟ್ಟಿಸಿದ್ದಲ್ಲ. ಕುದುರೆಗಾಡಿ ಕಾಲದ ಇಂಗ್ಲಿಷಿನಲ್ಲಿ ಅದು ಗಾಡಿ ಹೊಡೆಯುವವನೋ ಆಳೋ ಕೂರುವ ಜಾಗ. ಮುಂದೆ ಹಳೆಯ ಮೋಟಾರುಗಳ ಹಿಂಬದಿಯಲ್ಲಿ ಬಿಚ್ಚಿಕೊಳ್ಳುತ್ತಿದ್ದ ಸೀಟಿಗೂ ಅದೇ ಹೆಸರಾಯಿತು. ಸೀಟು ಹೋಯಿತು, ಹೆಸರು ಉಳಿಯಿತು. ಸ್ಟೆಪ್ನಿಯದೂ ಇಂಥದೇ ಕತೆ. 1904ರಲ್ಲಿ ವೇಲ್ಸ್‌ನ ಲಾನೆಲಿ ಊರಿನ ಡೇವಿಸ್ ಸೋದರರು ತಯಾರಿಸಿದ ಬದಲಿ ಚಕ್ರಕ್ಕೆ ಅಲ್ಲಿನ ಸ್ಟೆಪ್ನಿ ಬೀದಿಯ ಹೆಸರು ಅಂಟಿತು. ಬ್ರಿಟನ್ನಿನ ಬಳಕೆಯಿಂದ ಅದು ಹೆಚ್ಚುಕಡಿಮೆ ಮರೆಯಾಗಿದೆ. ಅಂಧೇರಿಯ ಗ್ಯಾರೇಜಿನಲ್ಲೂ ಹಾವೇರಿಯ ಪಂಕ್ಚರ್ ಅಂಗಡಿಯಲ್ಲೂ ಬದುಕಿದೆ.

ಅರ್ಥ ಕೆಟ್ಟಿತಲ್ಲ ಎಂಬುದು ಮುಂದಿನ ತಕರಾರು. ಇಂಗ್ಲಿಷಿನದೇ ‘ನೈಸ್’ ಒಂದು ಕಾಲಕ್ಕೆ ದಡ್ಡ ಎಂಬ ಅರ್ಥದ್ದು. ‘ಸಿಲ್ಲಿ’ ಎಂದರೆ ಧನ್ಯ. ಅವರು ಅರ್ಥ ಬದಲಿಸಿದರೆ ಭಾಷೆಯ ಬೆಳವಣಿಗೆ, ನಾವು ಬದಲಿಸಿದರೆ ಅಜ್ಞಾನವೇ? ‘ಔಟ್ ಆಫ್ ಸ್ಟೇಷನ್’ ಎಂದರೆ ನಗುವವರೂ ಊರಿಗೆ ಹೊರಟಾಗ ಕ್ಯಾಬ್ ಆ್ಯಪ್‌ನಲ್ಲಿ ‘ಔಟ್‌ಸ್ಟೇಷನ್’ ಒತ್ತುತ್ತಾರೆ. ಆ ಸ್ಟೇಷನ್ ರೈಲಿನದಲ್ಲ, ಬ್ರಿಟಿಷ್ ಅಧಿಕಾರಿಗಳು ಬೀಡುಬಿಟ್ಟಿದ್ದ ಊರು. ಡಿಕ್ಕಿ ಎಂದರೆ ಅಪಘಾತ ಎಂಬ ಗೊಂದಲವಾಗದೇ ಎನ್ನುವವರಿಗೆ ಉತ್ತರ ಕ್ರಿಯಾಪದದಲ್ಲೇ ಇದೆ: ಒಂದನ್ನು ಹೊಡೆಯುತ್ತಾರೆ, ಇನ್ನೊಂದನ್ನು ತೆಗೆಯುತ್ತಾರೆ.

ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು, ನಿಜ. ಅಲ್ಲಿ ಡಿಕ್ಕಿಯಲ್ಲಿ ಆಳು ಕೂತಿದ್ದರೆ ಅವನನ್ನು ಯಾರೂ ಸಾಮಾನಿನ ಜೊತೆ ತುರುಕಿಲ್ಲ. ಅನುವಾದಕರಿಗೆ ಎರಡೂ ಅರ್ಥ ಗೊತ್ತಿರಬೇಕು. ಒಂದರ ಕೋಲಿನಿಂದ ಇನ್ನೊಂದನ್ನು ಬಡಿಯಬೇಕಿಲ್ಲ.

ಈ ಪದಗಳನ್ನು ಉಳಿಸಿಕೊಂಡು ಬಂದವರು ಡ್ರೈವರುಗಳು, ಕ್ಲೀನರುಗಳು, ಮೆಕ್ಯಾನಿಕ್‌ಗಳು. ತಿದ್ದುವ ನೆಪದಲ್ಲಿ ಗೇಲಿಯಾಗುವುದು ಅವರೇ. ಕನ್ನಡ ನಿಘಂಟುಗಳು ಡಿಕ್ಕಿ, ಸ್ಟೆಪ್ನಿಗಳನ್ನು ಇಲ್ಲಿನ ಅರ್ಥದೊಂದಿಗೆ, ಕನ್ನಡ ಪದಗಳೆಂದೇ ಬರೆದುಕೊಳ್ಳಲಿ. ಸ್ಟುಡಿಯೊಗಳು ಆ ಮಾತನ್ನು ಇದ್ದ ಹಾಗೆಯೇ ಬಿಡಲಿ.