ನಟ್ಟು ಕೂತರೆ ಚಕ್ರ ಕೂತಂತೆ ಅಲ್ಲ!

ಭಾನುವಾರ ಬೆಳಗ್ಗೆ ದೇವನಹಳ್ಳಿ ಹತ್ತಿರ ಬಳ್ಳಾರಿ ರಸ್ತೆ ಬದಿ ನಿಂತು ನೋಡಿ. ನಂದಿಬೆಟ್ಟದ ಕಡೆ ಹೊರಟ ಕೆಂಪು, ಹಳದಿ, ಕಿತ್ತಳೆ ಬಣ್ಣದ ಸ್ಪೋರ್ಟ್ಸ್ ಕಾರುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಕಾರುಗಳ ಚಕ್ರ ಕಂಪನಿಯದ್ದಲ್ಲ, ಆಮೇಲೆ ಹಾಕಿಸಿದ ಅಲಾಯ್. ನೋಡೋಕೆ ಚೆಂದವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರಿರೋದು ಅಂಗಡಿಯಲ್ಲಿ ನಡೆಯೋ ಈ ಮಾತುಕತೆ ಬಗ್ಗೆ:

"ಏನಣ್ಣ, ಇದು ನಮ್ ಗಾಡಿಗೆ ಆಗುತ್ತಾ?"

"ನೀವೇ ನೋಡಿ ಸಾರ್, ಐದಕ್ಕೆ ಐದೂ ಬೋಲ್ಟ್ ಕೂತ್ಕೊಂತು. ಫಿಟ್ಟಿಂಗ್ ಪರ್ಫೆಕ್ಟು!"

ಅಷ್ಟೇ, ವ್ಯಾಪಾರ ಮುಗೀತು. ಆದರೆ ಬೋಲ್ಟ್ ಕೂತಿತು ಅನ್ನೋದು, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಕೋಡ್ ಕಂಪೈಲ್ ಆಯಿತು ಅಂದಂತೆ. ಕಂಪೈಲ್ ಆದ ಮಾತ್ರಕ್ಕೆ ಯಾರಾದರೂ ಪ್ರೊಡಕ್ಷನ್‌ಗೆ ಬಿಡುತ್ತಾರಾ? (ಬಿಡುವವರೂ ಇದ್ದಾರೆ, ಆ ಕಥೆ ಬೇರೆ :-) ) ಕೇಳಬೇಕಾಗಿದ್ದ ಪ್ರಶ್ನೆ ಒಂದಿತ್ತು: "ಇದರ ಆಫ್‌ಸೆಟ್ ಎಷ್ಟು?"

ಆಫ್‌ಸೆಟ್ ಅಂದರೇನು? ಚಕ್ರದ ಅಗಲವನ್ನು ಸರಿಯಾಗಿ ಎರಡು ಭಾಗ ಮಾಡುವ ಒಂದು ಗೆರೆ ಎಳೆದುಕೊಳ್ಳಿ. ಚಕ್ರ ಹೋಗಿ ಹಬ್‌ಗೆ ಅಂಟಿಕೊಳ್ಳುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದೇ ಆಫ್‌ಸೆಟ್. ಮುಖ ಗೆರೆಗಿಂತ ಹೊರಗೆ, ಅಂದರೆ ರಸ್ತೆ ಬದಿ ಕಡೆಗಿದ್ದರೆ ಪ್ಲಸ್. ಗೆರೆಯ ಮೇಲೇ ಇದ್ದರೆ ಸೊನ್ನೆ. ಒಳಗೆ, ಇಂಜಿನ್ ಕಡೆಗಿದ್ದರೆ ಮೈನಸ್. ಚಕ್ರದ ಮೇಲೆ ಇದನ್ನು ಇಟಿ ಅಂತ ಬರೆದಿರುತ್ತಾರೆ. ಅದು ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಮೊಟಕು ರೂಪ.

ಓದಿ ತಲೆ ತಿರುಗಿದರೆ ಒಂದು ಸುಲಭ ಉಪಾಯವಿದೆ. ಮಂಗಳೂರು ರಸ್ತೆ, ತುಮಕೂರು ರಸ್ತೆ ಕವಲೊಡೆಯುವ ನೆಲಮಂಗಲದಲ್ಲಿ ಲಾರಿಗಳಿಗೇನು ಬರವೇ! ನಿಂತಿರುವ ಯಾವುದಾದರೂ ಲಾರಿಯ ಮುಂದಿನ ಚಕ್ರ ನೋಡಿ, ನಡುಭಾಗ ಹೊರಕ್ಕೆ ಉಬ್ಬಿರುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಹೊರಗಿನದನ್ನು ನೋಡಿ, ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿರುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ ಚಕ್ರ, ತಿರುಗಿಸಿ ಹಾಕಿರುತ್ತಾರೆ ಅಷ್ಟೆ. ಉಬ್ಬಿದ್ದು ಪ್ಲಸ್, ತಗ್ಗಿದ್ದು ಮೈನಸ್. ಅದೇ ಬೋಲ್ಟ್, ಅದೇ ರಿಮ್; ಆದರೂ ಟೈರು ನೆಲ ಮುಟ್ಟುವ ಜಾಗ ಪೂರಾ ಬೇರೆ!

ಈಗ ಕಾರಿಗೆ ಬರೋಣ. ಕಂಪನಿ ಕೊಟ್ಟಿದ್ದು ಏಳೂವರೆ ಇಂಚು ಅಗಲದ, ಇಟಿ 45 ಇರುವ ಚಕ್ರ ಅಂತಿಟ್ಟುಕೊಳ್ಳಿ. ನಿಮಗೆ ಇಷ್ಟವಾಗಿದ್ದು ಎಂಟೂವರೆ ಇಂಚಿನ, ಇಟಿ 30ರ ಚಕ್ರ. ಅಗಲ ಒಂದು ಇಂಚು ಹೆಚ್ಚಿತು, ಅಂದರೆ ಎರಡೂ ಕಡೆಗೆ 12.7 ಮಿಮೀ. ಆಫ್‌ಸೆಟ್ 15 ಕಡಿಮೆಯಾಗಿದ್ದರಿಂದ ಇಡೀ ಚಕ್ರ 15 ಮಿಮೀ ಹೊರಕ್ಕೆ ಸರಿಯಿತು. ಕೂಡಿಸಿದರೆ ಚಕ್ರದ ಹೊರ ಅಂಚು ಮೊದಲಿಗಿಂತ 27.7 ಮಿಮೀ ಆಚೆ. ಒಳ ಅಂಚು ಮಾತ್ರ ಸಸ್ಪೆನ್ಷನ್‌ನಿಂದ 2.3 ಮಿಮೀ ದೂರ ಹೋಯಿತು. ಮೂರನೇ ಕ್ಲಾಸಿನ ಕೂಡುವ ಕಳೆಯುವ ಲೆಕ್ಕ. ಇಷ್ಟನ್ನು ಮಾಡದೆ ಲಕ್ಷಗಟ್ಟಲೆ ಸುರಿಯುತ್ತೇವೆ.

ಬೋಲ್ಟ್ ಯಾಕೆ ಸಾಕ್ಷಿಯಲ್ಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಆಡಿ, ಮರ್ಸಿಡಿಸ್, ಈಚಿನ ತಲೆಮಾರಿನ ಬಿಎಂಡಬ್ಲ್ಯು, ಈ ಮೂರರ ಬಹುಪಾಲು ಕಾರುಗಳಲ್ಲಿ ಬೋಲ್ಟ್ ತೂತುಗಳ ಲೆಕ್ಕ 5 × 112: 112 ಮಿಮೀ ವ್ಯಾಸದ ವೃತ್ತದ ಮೇಲೆ ಐದು ತೂತು. ಒಂದರ ಚಕ್ರದ ತೂತುಗಳು ಇನ್ನೊಂದಕ್ಕೆ ಸೇರುತ್ತವೆ. ಆಫ್‌ಸೆಟ್ ಸೇರಬೇಕೆಂಬ ನಿಯಮವೇನೂ ಇಲ್ಲ. ಅಷ್ಟೇಕೆ, ಒಂದೇ ಹೆಸರಿನ ಕಾರಿನಲ್ಲೂ ಇದು ಬದಲಾಗಬಹುದು. ಪೋರ್ಷೆ 944 ಎಂಬ ಸ್ಪೋರ್ಟ್ಸ್ ಕಾರಿಗೆ 1987ರ ಮಾದರಿಯಲ್ಲಿ ಎಬಿಎಸ್ ಬಂದಾಗ ಮುಂದಿನ ಸಸ್ಪೆನ್ಷನ್ ಜೊತೆಗೆ ಚಕ್ರದ ಆಫ್‌ಸೆಟ್ ಕೂಡ ಬದಲಾಯಿತು. ಬೋಲ್ಟ್ ತೂತುಗಳು ಹಾಗೇ ಉಳಿದವು. ಇವತ್ತಿಗೂ ಆ ಕಾರಿಗೆ ಹಳೆ ಚಕ್ರ ಹುಡುಕುವವರು ಮೊದಲು ಕೇಳುವುದು "87ಕ್ಕಿಂತ ಮುಂಚಿನದಾ, ಆಮೇಲಿನದಾ?" ಅಂತಲೇ.

ಸರಿ, ಆಫ್‌ಸೆಟ್ ತಪ್ಪಿದರೆ ಏನಾಗುತ್ತೆ? ಶೋರೂಮಿನಲ್ಲಿ ನಿಂತಿದ್ದಾಗ ಏನೂ ಆಗಲ್ಲ. ನಾಲ್ಕು ಜನ ಕೂತು ದೊಡ್ಡಬಳ್ಳಾಪುರದ ಕಡೆ ಒಂದು ಹಂಪ್ ಹಾರಿಸಿದಾಗ ಟೈರು ಫೆಂಡರಿನ ಅಂಚಿಗೆ ಉಜ್ಜುತ್ತೆ. ಅದು ಶಬ್ದ ಮಾಡಿ ಹೇಳುವ ತೊಂದರೆ, ಪಾಪ ಒಳ್ಳೆಯದು! ಹೇಳದೆ ಬರುವ ತೊಂದರೆಗಳೇ ಹೆಚ್ಚು. ವಿಟಿಯುನಲ್ಲಿ ಮೊದಲ ವರ್ಷ ಯಾವ ಬ್ರಾಂಚ್ ಆದರೂ ಬಿಡದೆ ಸಿವಿಲ್ ಪೇಪರಿನಲ್ಲಿ ಮೊಮೆಂಟ್ ಓದಿಸಿದ್ದರಲ್ಲ, ಬಲ ಗುಣಿಸು ದೂರ? ಟೈರು ಹೊರಕ್ಕೆ ಹೋದಷ್ಟೂ ಹಬ್ಬಿನ ಬೇರಿಂಗ್ ಮೇಲೆ ತಿರುಚುವ ಬಲ ಹೆಚ್ಚುತ್ತದೆ. ನಾಳೆಯೇ ಮುರಿಯಲ್ಲ, ಬೇಗ ಸವೆಯುತ್ತೆ.

ಅದಕ್ಕಿಂತ ಮುಖ್ಯವಾದದ್ದು ಸ್ಟಿಯರಿಂಗ್. ಮುಂದಿನ ಚಕ್ರ ಯಾವ ಓರೆ ಅಕ್ಷದ ಸುತ್ತ ತಿರುಗುತ್ತದೋ ಆ ಅಕ್ಷವನ್ನು ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುಮಧ್ಯಕ್ಕೂ ಇರುವ ಅಂತರವೇ ಸ್ಕ್ರಬ್ ರೇಡಿಯಸ್. 1972ರ ಆಡಿ 80ರಲ್ಲಿ ಟೈರಿನ ಮಧ್ಯ ಆ ಬಿಂದುವಿಗಿಂತ ಒಳಗೇ ಬೀಳುವಂತೆ ಮಾಡಿದ್ದರು. ಒಂದು ಚಕ್ರ ಮರಳಿನ ಮೇಲೆ, ಇನ್ನೊಂದು ಡಾಂಬರಿನ ಮೇಲೆ ಇರುವಾಗ ಜೋರಾಗಿ ಬ್ರೇಕ್ ಒತ್ತಿದರೂ ಕಾರು ನೇರ ಹೋಗಲಿ ಅನ್ನುವುದು ಉದ್ದೇಶ. ನಾವು ಆಫ್‌ಸೆಟ್ 15, 20 ಇಳಿಸಿದಾಗ ಟೈರಿನ ಮಧ್ಯವೂ ಅಷ್ಟೇ ಮಿಲಿಮೀಟರ್ ಹೊರಕ್ಕೆ ಹೋಗುತ್ತದೆ. ಇಂಜಿನಿಯರುಗಳು ಲೆಕ್ಕ ಹಾಕಿ ಇಟ್ಟಿದ್ದನ್ನು ನಮಗೆ ಗೊತ್ತಿಲ್ಲದೆಯೇ ಅಳಿಸಿಬಿಡುತ್ತೇವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ರಿಂಗ್ ರೋಡಿನಲ್ಲಿ ನೂರರ ವೇಗದಲ್ಲಿದ್ದಾಗ ನಾಯಿ ಅಡ್ಡ ಬಂದರೆ ಆ ಲೆಕ್ಕ ಬೇಕಾಗುತ್ತೆ ಸ್ವಾಮಿ.

ಸ್ಪೇಸರ್ ಹಾಕಿಸಿದರೂ ಕಥೆ ಇದೇ. 20 ಮಿಮೀ ಸ್ಪೇಸರ್ ಅಂದರೆ ಇಟಿ 45ರ ಚಕ್ರವನ್ನು ಇಟಿ 25 ಮಾಡಿದ ಹಾಗೆ. ಉದ್ದನೆಯ ಬೋಲ್ಟ್ ಹಾಕದಿದ್ದರೆ ಹಿಡಿತವೂ ಕಡಿಮೆ.

"ರೇಸ್ ಕಾರುಗಳಲ್ಲಿ ಚಕ್ರ ಹೊರಗೇ ಇರುತ್ತಲ್ಲ?" ಅನ್ನಬಹುದು. ನಿಜ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಿದರೆ ತಿರುವಿನಲ್ಲಿ ಒಂದೇ ಬದಿಗೆ ಬೀಳುವ ಭಾರ ತಗ್ಗುತ್ತದೆ. ಆದರೆ ಅವರು ಸಸ್ಪೆನ್ಷನ್ ತೋಳು, ಬೇರಿಂಗ್, ಅಲೈನ್‌ಮೆಂಟ್ ಎಲ್ಲವನ್ನೂ ಅದಕ್ಕೆ ಹೊಂದಿಸುತ್ತಾರೆ, ರೇಸ್ ಮುಗಿದ ಮೇಲೆ ಬಿಚ್ಚಿ ನೋಡುತ್ತಾರೆ. ನಾವು ಬದಲಾಯಿಸುವುದು ಚಕ್ರ ಒಂದನ್ನೇ. ಇನ್ನು ಕಾನೂನು. ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿದೆ.

ಹಾಗಾದರೆ ಅಲಾಯ್ ಹಾಕಿಸಲೇಬಾರದಾ? ಅಂತ ನಾನು ಹೇಳುತ್ತಿಲ್ಲ. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಡುವ ಅಗಲ, ಆಫ್‌ಸೆಟ್ ನೋಡಿ, ಅದರ ಆಸುಪಾಸಿನಲ್ಲಿರಿ. ಹೊಸ ಚಕ್ರದ ಅಗಲ, ಇಟಿ, ಬೋಲ್ಟ್ ಲೆಕ್ಕ, ನಡುತೂತಿನ ಅಳತೆ, ಹೊರಬಲ್ಲ ಭಾರ, ಈ ಐದೂ ಬಿಲ್ಲಿನ ಮೇಲೆ ಬರೆದುಕೊಡಿ ಅನ್ನಿ. ಬರೆಯಲ್ಲ ಅಂದರೆ ಮುಂದಿನ ಅಂಗಡಿ. ಹಳೆ ಚಕ್ರದಲ್ಲಿ ಇಟಿ ಅಳಿಸಿ ಹೋಗಿದ್ದರೆ ಅದನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಹಿಂದಿನ ಅಂಚಿನ ಮೇಲೆ ನೇರ ಪಟ್ಟಿ ಇಟ್ಟು ಹಬ್ ಕೂರುವ ಮುಖದವರೆಗಿನ ಆಳ ಅಳೆಯಿರಿ. ಅಂಚಿನಿಂದ ಅಂಚಿಗೆ ಇರುವ ಪೂರ್ತಿ ಅಗಲದ ಅರ್ಧವನ್ನು ಅದರಿಂದ ಕಳೆಯಿರಿ. ಉಳಿದದ್ದೇ ಆಫ್‌ಸೆಟ್.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣವೂ ಇದೆ. ಕಾರು ಕೊಳ್ಳುವವನು ಇಂಗ್ಲಿಷಿನಲ್ಲಿ ಹೇಗೋ ಓದಿಕೊಳ್ಳುತ್ತಾನೆ. ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಕೂತು ನಟ್ಟು ಬಿಗಿಯುವ ಹುಡುಗನಿಗೆ ಈ ಲೆಕ್ಕ ಅವನ ಭಾಷೆಯಲ್ಲಿ ಸಿಗಬೇಕು. "ಇದು ಬೇಡ ಸಾರ್" ಅಂತ ಹೇಳಬಲ್ಲ ಕೊನೆಯ ಮನುಷ್ಯ ಅವನೇ. ಅಂದಹಾಗೆ ಆಫ್‌ಸೆಟ್‌ಗೆ ಅವನ ಬಾಯಲ್ಲಿ ಸಲೀಸಾಗಿ ನಿಲ್ಲುವಂಥ ಕನ್ನಡ ಪದ ನಿಮಗೆ ಹೊಳೆದರೆ ತಿಳಿಸಿ. ನನಗೆ ಸದ್ಯಕ್ಕೆ ತೋಚಿದ್ದು "ಸರಿತ". ಏನಂತೀರಿ?