ಹಿರಿಯ ಆಟಗಾರರೂ ತಂಡದ ಜೀರ್ಣೋದ್ಧಾರವೂ

ನಮ್ಮ ರಾಜ್ಯದ ಕ್ರಿಕೆಟ್ಟು ತಂಡವು 2013-14ರಲ್ಲಿಯೂ 2014-15ರಲ್ಲಿಯೂ ರಣಜಿ ಟ್ರೋಫಿಯನ್ನು ಗೆದ್ದು, ಅದೇ ಎರಡು ವರ್ಷಗಳಲ್ಲಿ ಇರಾನಿ ಮತ್ತು ವಿಜಯ ಹಜಾರೆ ಪಾರಿತೋಷಕಗಳನ್ನೂ ಜತೆಗೆ ಸೇರಿಸಿಕೊಂಡು, ದೇಶದಲ್ಲಿ ತನಗೆ ಸರಿಸಾಟಿಯಿಲ್ಲವೆಂಬ ಕೀರ್ತಿಯನ್ನು ಪಡೆದಿತ್ತು. ಆ ಬಳಿಕ 2024-25ರ ವರೆಗೆ ನಡೆದ ಒಂಬತ್ತು ಋತುಗಳಲ್ಲಿ ರಣಜಿ ಟ್ರೋಫಿಯು ಒಮ್ಮೆಯಾದರೂ ನಮ್ಮ ಕಡೆಗೆ ಮುಖ ಮಾಡಲಿಲ್ಲ. 2017-18ರ ಉಪಾಂತ್ಯದಲ್ಲಿ ವಿದರ್ಭಕ್ಕೆ ಐದೇ ರನ್ನುಗಳಿಂದ ಸೋತೆವು. 2018-19ರಲ್ಲಿ ಸೌರಾಷ್ಟ್ರಕ್ಕೆ, 2019-20ರಲ್ಲಿ ಬಂಗಾಳಕ್ಕೆ, 2022-23ರಲ್ಲಿ ಪುನಃ ಸೌರಾಷ್ಟ್ರಕ್ಕೆ ಅದೇ ಹಂತದಲ್ಲಿ ಮಣಿದೆವು. 2024-25ರಲ್ಲಂತೂ ಉಪಾಂತ್ಯದ ಮಾತು ಹಾಗಿರಲಿ, ಗುಂಪಿನ ಹಂತವನ್ನೇ ದಾಟಲಾಗಲಿಲ್ಲ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬ ವಿಚಾರದಲ್ಲಿ ಸಾರ್ವಜನಿಕರಲ್ಲಿ ಎರಡು ಪಕ್ಷಗಳಾಗಿವೆ. ತಂಡಕ್ಕೆ ಮುಪ್ಪು ಬಂದಿತ್ತು, ಹಳಬರನ್ನೆಲ್ಲ ಒಮ್ಮೆಗೇ ಬಿಟ್ಟು ಬುಡದಿಂದ ಕಟ್ಟಬೇಕಾಗಿತ್ತು ಎಂದು ಒಂದು ಪಕ್ಷದವರು ಹೇಳುತ್ತಾರೆ. ಇದ್ದ ಅನುಭವಿಗಳನ್ನು ಕೈಯಾರೆ ಕಳೆದುಕೊಂಡುದೇ ಸೋಲಿಗೆ ಮೂಲವೆಂದು ಮತ್ತೊಂದು ಪಕ್ಷದವರು ವಾದಿಸುತ್ತಾರೆ.

ಆಟದ ಮಾತಿಗೆ ಸಂಪಾದಕೀಯದ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಬಿಡದಿ, ರಾಮನಗರ, ಚನ್ನಪಟ್ಟಣಗಳಿಂದ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನೌಕರವರ್ಗದವರ ಸಂಭಾಷಣೆಗೆ ಒಂದು ಗಳಿಗೆ ಕಿವಿಗೊಟ್ಟರೆ ಆ ಸಂಶಯವು ತಾನಾಗಿ ಪರಿಹಾರವಾದೀತು. ಅದಲ್ಲದೆ ಈ ತಂಡವು ಯಾವನೊಬ್ಬ ಧನಿಕನ ಸ್ವತ್ತಲ್ಲ. ಅದು ನಾಡಿನ ಹೆಸರನ್ನು ಹೊತ್ತು ಆಡುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು; ಆ ಹೆಸರಿನ ಮೊದಲನೆಯ ಋತುವಿನಲ್ಲಿಯೇ ರಣಜಿ ಟ್ರೋಫಿಯೂ ಮೊದಲ ಸಲ ಈ ನಾಡಿಗೆ ಬಂದಿತು. ಹದಿನೈದು ವರ್ಷಗಳ ಕಾಲ ಅದನ್ನು ಅನ್ಯರಿಗೆ ಬಿಟ್ಟುಕೊಡದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ತಂದ ಆ ವಿಜಯವು ಕನ್ನಡಿಗರ ಮನಸ್ಸಿನಲ್ಲಿ ಏಕೀಕರಣದ ಸಂತೋಷದೊಡನೆಯೇ ಬೆರೆತುಕೊಂಡಿರುವುದು ಸಹಜವಾಗಿದೆ.

ಆ ತಂಡದ ವಯಸ್ಸನ್ನು ಲೆಕ್ಕಹಾಕಿ ನೋಡುವುದು ಈಗಿನ ವಿವಾದಕ್ಕೆ ಉಪಯುಕ್ತವಾದೀತು. ನಾಯಕರಾಗಿದ್ದ ಎರಾಪಳ್ಳಿ ಪ್ರಸನ್ನರಿಗೆ ಆಗ ಮೂವತ್ತಮೂರು. ಉಪಾಂತ್ಯದಲ್ಲಿ 162 ರನ್ನುಗಳನ್ನು ಹೊಡೆದ ಗುಂಡಪ್ಪ ವಿಶ್ವನಾಥರಿಗೆ ಇಪ್ಪತ್ತೈದು. ಅದೇ ಪಂದ್ಯದಲ್ಲಿ 106 ರನ್ನುಗಳನ್ನು ಹೊಡೆದ ಬ್ರಿಜೇಶ ಪಟೇಲರಿಗೆ ಇಪ್ಪತ್ತೊಂದು. ಮುಂಬಯಿಯ ಕೋಟೆಯನ್ನು ಒಡೆದವರು ಮುದುಕರೂ ಅಲ್ಲ, ಹುಡುಗರೂ ಅಲ್ಲ. ಈ ಮೂರು ವಯಸ್ಸಿನವರು ಒಟ್ಟಿಗೆ ಕೂಡಿ ಅದನ್ನು ಒಡೆದರು.

ಬುಡದಿಂದ ಕಟ್ಟಬೇಕೆನ್ನುವವರು ಒಂದು ವಿಷಯವನ್ನು ಮರೆಯುತ್ತಾರೆ. ಕಟ್ಟುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? 1982-83ರಲ್ಲಿ ಮುಂಬಯಿಯಲ್ಲಿಯೇ ಮುಂಬಯಿಯ ಮೇಲೆ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಟ್ರೋಫಿಯನ್ನು ಪಡೆದ ತರುವಾಯ ನಮಗೆ ಅದು ಪುನಃ ದೊರೆತದ್ದು 1995-96ರಲ್ಲಿ. ನಡುವೆ ಹನ್ನೆರಡು ಋತುಗಳು ಬರಿದಾಗಿ ಹೋದವು. ಆ ಬರಗಾಲವನ್ನು ಮುಗಿಸಿದ ಪೀಳಿಗೆಯವರಲ್ಲಿ ಅನಿಲ ಕುಂಬ್ಳೆ, ಜಾವಗಲ್ ಶ್ರೀನಾಥರು 1989-90ರಲ್ಲಿಯೂ ರಾಹುಲ ದ್ರಾವಿಡ, ವೆಂಕಟೇಶ ಪ್ರಸಾದರು 1990-91ರಲ್ಲಿಯೂ ತಂಡವನ್ನು ಪ್ರವೇಶಿಸಿದವರು. ಇಂತಹ ಅಸಾಮಾನ್ಯರಾದ ನಾಲ್ವರು ಒಂದೇ ಕಾಲಕ್ಕೆ ದೊರೆತರೂ, ಪ್ರವೇಶಕ್ಕೂ ಫಲಕ್ಕೂ ನಡುವೆ ಐದಾರು ವರ್ಷಗಳು ಹಿಡಿದವು. ಬಳಿಕ 1998-99ರ ಗೆಲುವಿನಿಂದ 2013-14ರ ಗೆಲುವಿನವರೆಗೆ ಮತ್ತೆ ಹದಿನಾಲ್ಕು ಋತುಗಳ ಬರಗಾಲ. ಅದನ್ನು ಮುಗಿಸಿದ ನಾಯಕ ವಿನಯಕುಮಾರರು ತಂಡವನ್ನು ಸೇರಿದ್ದು 2004-05ರಲ್ಲಿ. ಹೊಸ ತಂಡವನ್ನು ಕಟ್ಟುತ್ತೇವೆಂದು ಹೇಳುವವರು ಜನರ ಮುಂದೆ ಈ ಲೆಕ್ಕವನ್ನೂ ಇಟ್ಟು ಹೇಳಬೇಕು. ಇಂದು ಬಿತ್ತಿ ನಾಳೆ ಕೊಯ್ಯುವ ಬೆಳೆ ಇದಲ್ಲ.

ಹಾಗೆಂದು ಹಳಬರ ಪಕ್ಷವನ್ನು ನಾವು ಕಣ್ಣುಮುಚ್ಚಿ ಹಿಡಿಯುವವರೂ ಅಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ಅಂತಿಮ ಪಂದ್ಯವನ್ನು ನೋಡಿದವರು ಅದನ್ನು ಮರೆತಿರಲಾರರು. ಮುಂಬಯಿಯು ಒಡ್ಡಿದ 338 ರನ್ನುಗಳ ಗುರಿಯನ್ನು ಬೆನ್ನಟ್ಟಿ, ಇಪ್ಪತ್ತೇ ವರ್ಷದ ಮನೀಷ ಪಾಂಡೆಯವರು 144 ರನ್ನುಗಳನ್ನು ಹೊಡೆದು, ತಂಡವು ಕೇವಲ ಆರು ರನ್ನುಗಳಿಂದ ಸೋತಿತು. ಸೋತರೂ ಆ ದಿನ ನಾಡಿಗೆ ಒಬ್ಬ ಆಟಗಾರನು ಸಿಕ್ಕಿದನು. ಅಂದಿನ ಆಯ್ಕೆದಾರರು ವಯಸ್ಸಿಗೆ ಮಾತ್ರ ಮನ್ನಣೆ ಕೊಟ್ಟು ಹುಡುಗನನ್ನು ಹೊರಗೆ ಕೂರಿಸಿದ್ದರೆ ಮುಂದಿನ ಎರಡು ಟ್ರೋಫಿಗಳ ಕಥೆ ಬೇರೆಯಾಗುತ್ತಿತ್ತು. ಸ್ಥಳಗಳು ಹನ್ನೊಂದೇ. ಒಬ್ಬ ಹಿರಿಯನು ಬರಿಯ ಹೆಸರಿನ ಬಲದಿಂದ ಒಂದು ವರ್ಷ ಹೆಚ್ಚಾಗಿ ನಿಂತರೆ, ಎಲ್ಲಿಯೋ ಒಬ್ಬ ಕಿರಿಯನ ಒಂದು ವರ್ಷವು ಕೊಚ್ಚಿಹೋಗುತ್ತದೆ. ಇಪ್ಪತ್ತೊಂದರಲ್ಲಿ ಕಳೆದುಹೋದ ವರ್ಷವು ಮೂವತ್ತೊಂದರಲ್ಲಿ ಸಿಗುವುದಿಲ್ಲ.

ಇದೇ ಪಾಂಡೆಯವರಿಗೆ 2024-25ರ ಋತುವಿನ ನಡುವೆ ತಂಡದಲ್ಲಿ ಸ್ಥಾನ ತಪ್ಪಿತು. ಆಗ ಅವರಿಗೆ ಮೂವತ್ತೈದು ವರ್ಷ. ಕಿರಿಯರಿಗೆ ಎಡೆಮಾಡಬೇಕೆಂಬ ಅಭಿಪ್ರಾಯದಿಂದ ಹೀಗಾಯಿತೆಂದು ಹೇಳಲಾಯಿತು. ಈ ನಿರ್ಧಾರವನ್ನು ನಾವು ಖಂಡಿಸುವುದಿಲ್ಲ. ಅದೇ ಋತುವಿನಲ್ಲಿ, 2025ರ ಜನವರಿಯಲ್ಲಿ, ರವಿಚಂದ್ರನ್ ಸ್ಮರಣ್ ಎಂಬ ಇಪ್ಪತ್ತೊಂದು ವರ್ಷದ ಯುವಕನು ಬೆಂಗಳೂರಿನಲ್ಲಿ ಪಂಜಾಬಿನ ಮೇಲೆ 203 ರನ್ನುಗಳನ್ನು ಹೊಡೆದನು. ಅದಕ್ಕೆ ಕೆಲವೇ ದಿನ ಮುಂಚೆ ಬಡೋದೆಯಲ್ಲಿ ನಡೆದ ವಿಜಯ ಹಜಾರೆ ಅಂತಿಮ ಪಂದ್ಯದಲ್ಲಿ ಅವನದೇ ಶತಕವು ಕರ್ನಾಟಕಕ್ಕೆ ಪಾರಿತೋಷಕವನ್ನು ಗಳಿಸಿಕೊಟ್ಟಿತ್ತು. ಎಡೆಮಾಡಿದ್ದರಿಂದ ಫಲವು ಬಂದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಹಜಾರೆ ಪಂದ್ಯಾವಳಿಯಲ್ಲಿ ನಾಲ್ಕು ಶತಕಗಳನ್ನು ಹೊಡೆದು ತಂಡವನ್ನು ಅಂತಿಮಕ್ಕೆ ಹೊತ್ತು ತಂದ ನಾಯಕ ಮಯಾಂಕ ಅಗರವಾಲರ ವಯಸ್ಸು ಮೂವತ್ತಮೂರು ಎಂಬುದನ್ನೂ ಹೊಸಬರ ಪಕ್ಷದವರು ಕೃಪೆಯಿಟ್ಟು ಬರೆದುಕೊಳ್ಳಬೇಕು.

ಈಗ ಮನಸ್ಸಿಗೆ ಬೇಸರವಾಗುವ ಸಂಗತಿಗೆ ಬರೋಣ. ಆ ಅಂತಿಮ ಪಂದ್ಯದಲ್ಲಿ ಎದುರಾಳಿಗಳಾದ ವಿದರ್ಭದ ನಾಯಕರಾಗಿದ್ದವರು ಯಾರು? ಕರುಣ ನಾಯರರು. 2014-15ರ ರಣಜಿ ಅಂತಿಮದಲ್ಲಿ ತಮಿಳುನಾಡಿನ ಮೇಲೆ ಕರ್ನಾಟಕಕ್ಕಾಗಿ 328 ರನ್ನುಗಳನ್ನು ಹೊಡೆದವರು. 2016ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಭಾರತಕ್ಕಾಗಿ ಇಂಗ್ಲೆಂಡಿನ ಮೇಲೆ 303 ರನ್ನುಗಳನ್ನು ಹೊಡೆದು ಔಟಾಗದೆ ಉಳಿದವರು. ಅವರಿಗೆ ಮೂವತ್ತೊಂದು ವರ್ಷ ನಡೆಯುತ್ತಿದ್ದಾಗ ನಮ್ಮ ತಂಡದಲ್ಲಿ ಸ್ಥಳವಿಲ್ಲದಾಯಿತು. 2023-24ರಲ್ಲಿ ಅವರು ವಿದರ್ಭಕ್ಕೆ ಹೋದರು. 2024-25ರಲ್ಲಿ ಅಲ್ಲಿ ಹಜಾರೆ ಪಂದ್ಯಗಳಲ್ಲಿ 779 ರನ್ನುಗಳನ್ನೂ, ರಣಜಿ ಪಂದ್ಯಗಳಲ್ಲಿ 863 ರನ್ನುಗಳನ್ನೂ ಕೂಡಿಸಿ, ನಾಗಪುರದ ಅಂತಿಮದಲ್ಲಿ ಕೇರಳದ ಮೇಲೆ 86 ಮತ್ತು 135 ರನ್ನುಗಳನ್ನು ಹೊಡೆದು ವಿದರ್ಭಕ್ಕೆ ರಣಜಿ ಟ್ರೋಫಿಯನ್ನು ಕೊಡಿಸಿದರು. ನಾವು ಗುಂಪಿನ ಹಂತವನ್ನು ದಾಟದೆ ಮನೆಗೆ ಮರಳಿದ ಋತುವೇ ಅದು! ಆ ವರ್ಷವೇ ಜೂನಿನಲ್ಲಿ ಅವರು ಎಂಟು ವರ್ಷಗಳ ತರುವಾಯ ಭಾರತ ತಂಡಕ್ಕೂ ಹಿಂದಿರುಗಿದರು.

ಇದೊಂದೇ ದೃಷ್ಟಾಂತವಾಗಿದ್ದರೆ ದೈವಯೋಗವೆಂದು ಸುಮ್ಮನಾಗಬಹುದಾಗಿತ್ತು. 2013-14ರ ಅಂತಿಮ ಪಂದ್ಯದಲ್ಲಿ ಮಹಾರಾಷ್ಟ್ರದ ಮೇಲೆ ಕೆ. ಎಲ್. ರಾಹುಲರೊಡನೆ ಶತಕವನ್ನು ಹೊಡೆದ ದಾವಣಗೆರೆಯ ಗಣೇಶ ಸತೀಶರು ಮರುವರ್ಷವೇ ವಿದರ್ಭದವರಾದರು. ವಿದರ್ಭವು 2017-18ರಲ್ಲಿಯೂ 2018-19ರಲ್ಲಿಯೂ ಟ್ರೋಫಿಯನ್ನು ಗೆದ್ದಾಗ ಅವರು ಆ ತಂಡದಲ್ಲಿದ್ದರು. ಅದೇ ತಂಡದಲ್ಲಿ, ಮುಂಬಯಿಯನ್ನು ಬಿಟ್ಟುಬಂದಿದ್ದ ವಾಸಿಮ್ ಜಾಫರರೂ ಇದ್ದರು. ನಲವತ್ತನೆಯ ವಯಸ್ಸಿನಲ್ಲಿ, 2018-19ರ ಋತುವೊಂದರಲ್ಲಿ, ಆ ಪುಣ್ಯಾತ್ಮರು ಸಾವಿರಕ್ಕೂ ಮೀರಿ ರನ್ನುಗಳನ್ನು ಕಲೆಹಾಕಿದರು. ರಾಬಿನ್ ಉತ್ತಪ್ಪನವರು 2017ರಲ್ಲಿ ಸೌರಾಷ್ಟ್ರಕ್ಕೆ ಹೋದರು. ಎರಡು ವರ್ಷ ನಮಗೆ ಎಲ್ಲ ಪಾರಿತೋಷಕಗಳನ್ನೂ ಗಳಿಸಿಕೊಟ್ಟ ನಾಯಕ ವಿನಯಕುಮಾರರು 2019-20ರಲ್ಲಿ ಪುದುಚೇರಿಯ ಪರವಾಗಿ ಆಡಬೇಕಾಯಿತು. ಹೀಗೆ ಹೋದವರೆಲ್ಲರೂ ಹೋಗಬಾರದಾಗಿತ್ತೆಂದು ನಾವು ಹೇಳುತ್ತಿಲ್ಲ. ಕೆಲವರು ತಮ್ಮ ಇಷ್ಟದಿಂದ ಹೋಗಿರಬಹುದು. ಆದರೆ ನೆರೆಯವರ ಹಿತ್ತಿಲಿನಲ್ಲಿ ಫಲಕೊಟ್ಟ ಮರವನ್ನು ನಮ್ಮ ಹಿತ್ತಿಲಿನಲ್ಲಿ ಗೊಡ್ಡೆಂದು ಎಣಿಸಿದ್ದು ಯಾವ ಪರೀಕ್ಷೆಯಿಂದ ಎಂದು ಕೇಳುವ ಹಕ್ಕು ಜನರಿಗೆ ಇದೆ.

ನಮ್ಮ ಸೀಮೆಯ ತೆಂಗಿನ ತೋಟದವರಿಗೆ ಈ ವಿಷಯದಲ್ಲಿ ಆಯ್ಕೆ ಮಂಡಲಿಯವರಿಗಿಂತ ಹೆಚ್ಚಿನ ವಿವೇಕವಿದೆ. ತೋಟಕ್ಕೆ ವಯಸ್ಸಾಯಿತೆಂದು ಕಂಡಾಗ ಅವರು ಮೊದಲು ಕೊಡಲಿಯನ್ನು ಎತ್ತಿಕೊಳ್ಳುವುದಿಲ್ಲ. ಹಳೆಯ ಮರಗಳ ಸಾಲಿನ ನಡುವೆ ಸಸಿಗಳನ್ನು ನೆಟ್ಟು, ಅವು ಬೇರೂರಿ ತಲೆಯೆತ್ತಿದ ಹಾಗೆಲ್ಲ, ಕಾಯಿ ಕಡಮೆಯಾದ ಮರಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಅದುವರೆಗೆ ಮನೆಯ ಖರ್ಚು ಹಳೆಯ ಮರಗಳಿಂದಲೇ ನಡೆಯಬೇಕು. ಸಸಿಗೆ ಬಿಸಿಲು ತಾಗದಷ್ಟು ನೆರಳು ಕವಿದರೆ ಹಳೆಯದನ್ನು ತೆಗೆಯಲೂ ಅವರು ಹಿಂಜರಿಯುವುದಿಲ್ಲ.

ಇದು ಬರಿಯ ಉಪಮಾನವಲ್ಲವೆಂಬುದು 2025ರ ನವೆಂಬರಿನಲ್ಲಿ ಪ್ರತ್ಯಕ್ಷವಾಯಿತು. ವಿದರ್ಭದಿಂದ ಕರುಣ ನಾಯರರು ಕರ್ನಾಟಕಕ್ಕೆ ಮರಳಿ ಬಂದಿದ್ದರು. ಕೇರಳದ ಮೇಲೆ ನಡೆದ ರಣಜಿ ಪಂದ್ಯದಲ್ಲಿ ಅವರು 233 ರನ್ನುಗಳನ್ನು ಹೊಡೆದರು. ಎದುರು ತುದಿಯಲ್ಲಿ ನಿಂತ ಸ್ಮರಣ್ 220 ರನ್ನುಗಳನ್ನು ಹೊಡೆದು ಔಟಾಗದೆ ಉಳಿದನು. ಒಬ್ಬರಿಗೆ ಮೂವತ್ತನಾಲ್ಕು ಸಮೀಪಿಸಿತ್ತು, ಮತ್ತೊಬ್ಬನಿಗೆ ಇಪ್ಪತ್ತೆರಡು. ಇವರಿಬ್ಬರಲ್ಲಿ ಒಬ್ಬರಿಗೆ ಮಾತ್ರ ಸ್ಥಳವಿರಬೇಕೆಂದು ಯಾವ ಶಾಸ್ತ್ರವೂ ವಿಧಿಸಿರಲಿಲ್ಲ. ಎರಡು ವರ್ಷ ಮೊದಲೇ ಈ ಜೋಡಿ ನಮಗೆ ದೊರೆಯಬಹುದಾಗಿತ್ತಲ್ಲ ಎಂಬ ವ್ಯಥೆಯೊಂದು ಆ ಸಂತೋಷದಲ್ಲಿಯೂ ಉಳಿಯಿತು.

ಇನ್ನು, ತಂಡದ ವಯಸ್ಸನ್ನು ಕುರಿತು ವಾದಿಸುವ ಉಭಯ ಪಕ್ಷದವರೂ ನೋಡದ ಒಂದು ಮುಖವಿದೆ. ಬಿಡದಿಯ ಬಳಿಯ ಬೈರಮಂಗಲದ ಜಲಾಶಯವನ್ನು 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ನೀರಾವರಿಗೆಂದು ಕಟ್ಟಿದರು. ಹಲವು ದಶಕಗಳಿಂದ ಅದರ ನೀರು ಕಪ್ಪೇರಿ ನೊರೆಯೆದ್ದು ದುರ್ನಾತ ಬೀರುತ್ತಿರುವುದು ಏರಿಯು ಹಳೆಯದಾದುದರಿಂದಲ್ಲ. ಮೇಲಿನಿಂದ, ಬೆಂಗಳೂರಿನಿಂದ, ಹರಿದು ಬರುವುದು ಕೊಳಚೆಯೂ ಕಾರ್ಖಾನೆಗಳ ಕಲ್ಮಶವೂ ಆಗಿರುವುದರಿಂದ. ಏರಿಯನ್ನು ಒಡೆದು ಹೊಸದಾಗಿ ಕಟ್ಟಿದರೆ ನೀರು ತಿಳಿಯಾದೀತೇ? ರಾಜ್ಯದ ತಂಡವೂ ಒಂದು ಕೆರೆಯೇ. ಅದಕ್ಕೆ ಹರಿದು ಬರುವ ಕಾಲುವೆಗಳು ಶಾಲೆ ಕಾಲೇಜುಗಳ ಪಂದ್ಯಗಳು, ಜಿಲ್ಲೆಗಳ ಕ್ಲಬ್ಬುಗಳು, ವಲಯಗಳ ತಂಡಗಳು. ಶ್ರೀನಾಥರು ಬಂದದ್ದು ಮೈಸೂರಿನಿಂದ, ವಿನಯಕುಮಾರರು ದಾವಣಗೆರೆಯಿಂದ, ಸುನೀಲ ಜೋಶಿಯವರು ಗದಗದವರು, ಎಳೆಯರಾಗಿದ್ದಾಗ ಅಭ್ಯಾಸಕ್ಕಾಗಿ ಮುಂಜಾನೆ ಹುಬ್ಬಳ್ಳಿಗೆ ಪ್ರಯಾಣಮಾಡುತ್ತಿದ್ದವರು. ರಾಜಧಾನಿಯ ಹತ್ತಾರು ಕ್ಲಬ್ಬುಗಳೊಳಗಿನಿಂದಲೇ ಹನ್ನೊಂದು ಮಂದಿಯನ್ನು ಆರಿಸುವುದು ಸುಲಭ, ಆದರೆ ಹಾಗೆ ಆರಿಸಿದ್ದರೆ ಈ ಮೂವರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ. ಬೈರಮಂಗಲ, ಕನಕಪುರ, ಮಾಗಡಿಗಳು ಬೆಂಗಳೂರಿನ ಬಾಗಿಲಲ್ಲಿಯೇ ಇವೆ. ಇಲ್ಲಿನ ಹುಡುಗನೊಬ್ಬನು ವೇಗವಾಗಿ ಚೆಂಡನ್ನು ಎಸೆಯಬಲ್ಲನಾದರೆ ಅದನ್ನು ಆಯ್ಕೆದಾರರ ಕಣ್ಣಿಗೆ ಬೀಳಿಸುವ ದಾರಿ ಯಾವುದು? ಅವನು ಊರನ್ನು ಬಿಟ್ಟು ನಗರದಲ್ಲಿ ಕೊಠಡಿಯೊಂದನ್ನು ಬಾಡಿಗೆಗೆ ಹಿಡಿಯಬೇಕೆಂಬುದೇ ಇಂದಿಗೂ ಉತ್ತರವಾಗಿದ್ದರೆ, ಹಿರಿಯರನ್ನು ತೆಗೆದು ಕಿರಿಯರಿಗೆ ಎಡೆಮಾಡಿದೆವೆಂಬ ಮಾತಿನಲ್ಲಿ ಅರ್ಧ ಪ್ರಾಮಾಣಿಕತೆ ಮಾತ್ರ ಇದೆಯೆಂದು ನಾವು ಹೇಳಬೇಕಾಗುತ್ತದೆ.

ಆದುದರಿಂದ ಕರ್ನಾಟಕ ರಾಜ್ಯ ಕ್ರಿಕೆಟ್ಟು ಸಂಸ್ಥೆಯವರಲ್ಲಿ ನಮ್ಮ ಅರಿಕೆಗಳು ಇವು. ಮೂವತ್ತು ದಾಟಿದ ಆಟಗಾರನನ್ನು ಕೈಬಿಡುವುದಾದರೆ ಅವನ ಸ್ಥಳದಲ್ಲಿ ನಿಲ್ಲುವವನು ಯಾರೆಂಬುದು ಮೊದಲು ನಿಶ್ಚಯವಾಗಿರಲಿ. ಹಿಂದಿನ ಋತುವಿನಲ್ಲಿ ಅವನನ್ನು ಹಿರಿಯನ ಜತೆಯಲ್ಲಿಯೇ ನಾಲ್ಕಾರು ಪಂದ್ಯಗಳಲ್ಲಿ ಆಡಿಸಿ ನೋಡಿರಲಿ. ಕೈಬಿಡುವ ಸಂಗತಿಯನ್ನು ಆ ಆಟಗಾರನಿಗೆ ಋತುವಿನ ಆರಂಭಕ್ಕೆ ಮುಂಚೆಯೇ ಕರೆದು ಮುಖತಃ ತಿಳಿಸಲಿ. ಹದಿನೈದು ವರ್ಷ ನಾಡಿಗಾಗಿ ಬೆವರು ಸುರಿಸಿದವನು ಪತ್ರಿಕೆಯಲ್ಲಿ ತನ್ನ ಹೆಸರಿಲ್ಲದ ಪಟ್ಟಿಯನ್ನು ಓದಿ ತಿಳಿದುಕೊಳ್ಳುವುದು ಯಾವ ಸಂಸ್ಥೆಗೂ ಶೋಭಿಸುವುದಿಲ್ಲ. ಅವನು ಆಟವನ್ನು ಬಿಡಲು ಒಪ್ಪಿದರೆ ಕಿರಿಯರ ತಂಡಗಳಿಗೆ ಬೋಧಕನಾಗಿ ಅವನನ್ನು ಉಳಿಸಿಕೊಳ್ಳಲಿ. ಒಪ್ಪದೆ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಅವನ ಸಾಧನೆಯನ್ನು ಗಮನಿಸುತ್ತಿರಲಿ. ಕರುಣ ನಾಯರರ ವಿಷಯದಲ್ಲಿ ತೆರೆದ ಬಾಗಿಲನ್ನು ಮುಂದಿನವರಿಗೂ ತೆರೆದಿಡಲಿ. ವಲಯಗಳ ನಡುವಣ ಪಂದ್ಯಗಳಲ್ಲಿ ಕೆಲವನ್ನಾದರೂ ವರ್ಷಕ್ಕೊಮ್ಮೆ ರಾಮನಗರ, ಚನ್ನಪಟ್ಟಣಗಳಂತಹ ಊರುಗಳಲ್ಲಿ ನಡೆಸಿ, ಆಯ್ಕೆದಾರರಲ್ಲಿ ಒಬ್ಬರಾದರೂ ಪ್ರತಿ ಪಂದ್ಯದ ಮೊದಲ ಚೆಂಡಿನಿಂದ ಕಡೆಯ ಚೆಂಡಿನವರೆಗೆ ಅಲ್ಲಿ ಕುಳಿತಿರಲಿ. ಬೆಂಗಳೂರಿನಿಂದ ರಾಮನಗರಕ್ಕೆ ರೈಲಿನಲ್ಲಿ ಬಂದು ಹೋಗುವುದಕ್ಕೆ ಒಂದು ದಿನವೂ ಹಿಡಿಯುವುದಿಲ್ಲ.